ಗ್ಯಾಸ್ ಗೀಸರ್ ನಾನೇ ಕೂರಿಸಿದರೆ ಏನಾಗುತ್ತದೆ?

ಪ್ರಶ್ನೆ: ಸರ್, ನಾನು ವಿಜಯಪುರದ ಕಡೆಯವನು. ಪುಣೆ ಪಕ್ಕದ ಚಿಂಚವಡಕ್ಕೆ ಬಂದು 14 ವರ್ಷವಾಯಿತು, ಒಂದು ಕಾರ್ಖಾನೆಯಲ್ಲಿ ಮೇಂಟೆನನ್ಸ್ ಫಿಟ್ಟರ್ ಆಗಿದ್ದೇನೆ. ಆನ್‌ಲೈನಿನಲ್ಲಿ 6 ಲೀಟರಿನ ಗ್ಯಾಸ್ ಗೀಸರ್ ತರಿಸಿದ್ದೇನೆ. ಕೂರಿಸುವವನು ಹೇಳಿದ ರೇಟು ಕೇಳಿ ಸಿಟ್ಟು ಬಂತು. ಎರಡು ಸ್ಕ್ರೂ, ಎರಡು ನೀರಿನ ಪೈಪು, ಒಂದು ಗ್ಯಾಸ್ ಪೈಪು, ಇಷ್ಟೇ ತಾನೆ? ವಿಡಿಯೊ ಕೂಡ ನೋಡಿದ್ದೇನೆ. ಬಾತ್‌ರೂಮು 5 ಅಡಿಗೆ 7 ಅಡಿ. ಡಕ್ಟ್ ಕಡೆಗೆ, ಅಂದರೆ ಬಿಲ್ಡಿಂಗಿನಲ್ಲಿ ಕೆಳಗಿನಿಂದ ಟೆರೇಸಿನವರೆಗೆ ಬಿಟ್ಟ ಕಿರಿದಾದ ಸಂದಿಯ ಕಡೆಗೆ, ಗಾಜಿನ ಪಟ್ಟಿಗಳ ಕಿಟಕಿ ಇದೆ, ಎಕ್ಸಾಸ್ಟ್ ಫ್ಯಾನೂ ಇದೆ. ಸದ್ಯಕ್ಕೆ ಅಡಿಗೆಮನೆಯ ಸಿಲಿಂಡರಿನಿಂದಲೇ ಟೀ ಜಾಯಿಂಟು ಹಾಕಿ ಪೈಪು ಎಳೆಯೋಣ, ಬಿಲ್ಡಿಂಗಿಗೆ ಪೈಪ್ ಗ್ಯಾಸ್ ಬಂದ ಮೇಲೆ ಅದಕ್ಕೆ ಜೋಡಿಸೋಣ ಎಂದುಕೊಂಡಿದ್ದೇನೆ. ದೀಪಾವಳಿಗೆ ಅವ್ವ ಊರಿಂದ ಬರುತ್ತಾಳೆ, ಚಳಿ ಮುಗಿಯುವವರೆಗೆ ಇರುತ್ತಾಳೆ. ನಾನೇ ಕೂರಿಸಿದರೆ ಅಪಾಯ ಏನಾದರೂ ಇದೆಯೇ?

ಉತ್ತರ: ಪಾನಾ ಹಿಡಿದು ಪಳಗಿದ ಕೈ ನಿಮ್ಮದು, ಆ ಬಗ್ಗೆ ನನಗೆ ಅನುಮಾನವಿಲ್ಲ. ನೀವು ಹಾಕಿದ ಜಾಯಿಂಟು ಸೋರುವುದಿಲ್ಲ. ಗೋಡೆಗೆ ಹೊಡೆದ ಬೋಲ್ಟು ಅಲುಗಾಡುವುದಿಲ್ಲ. ನಳ ತಿರುಗಿಸಿದ ಕೂಡಲೇ ಗೀಸರು ಟಕ್ ಟಕ್ ಅಂದು ಹೊತ್ತಿಕೊಳ್ಳುತ್ತದೆ, ಹತ್ತು ಎಣಿಸುವುದರೊಳಗೆ ಬಿಸಿನೀರು ಬರುತ್ತದೆ. ನಮ್ಮಲ್ಲಿ ಮರಾಠಿ ಪ್ಲಂಬರುಗಳು ಆ ಹೊತ್ತಿಗೆ ಒಂದು ಮಾತು ಹೇಳುತ್ತಾರೆ: "ಪಾಣೀ ಗರಮ್ ಆಲಂ ನಾ? ಝಾಲಂ ಮಗ!" ನೀರು ಬಿಸಿಯಾಗಿ ಬಂತಲ್ಲ, ಮತ್ತೇನು, ಮುಗೀತು ಅಂತ. ನನ್ನ ಹೆದರಿಕೆ ಶುರುವಾಗುವುದೇ ಅಲ್ಲಿಂದ. ಕೆಟ್ಟು ನಿಂತ ಗೀಸರಿನಿಂದ ಯಾರಿಗೂ ಏನೂ ಆಗುವುದಿಲ್ಲ. ಚೆನ್ನಾಗಿ ಉರಿಯುವ ಗೀಸರು ತಪ್ಪು ಜಾಗದಲ್ಲಿದ್ದರೆ ಆಗುತ್ತದೆ.

ನಿಮ್ಮ ಪತ್ರದಲ್ಲಿ ನೀರಿನ ಪೈಪಿನ ಮಾತಿದೆ, ಗ್ಯಾಸ್ ಪೈಪಿನ ಮಾತಿದೆ, ಸ್ಕ್ರೂಗಳ ಲೆಕ್ಕವೂ ಇದೆ. ಗಾಳಿಯ ಸುದ್ದಿ ಇಲ್ಲ. ನೀವೊಬ್ಬರೇ ಅಲ್ಲ, ವಿಡಿಯೊ ಮಾಡಿದವನೂ ಹೇಳಿರಲಿಕ್ಕಿಲ್ಲ. ಗೀಸರಿಗೆ ಜೋಡಿಸಬೇಕಾದ ಪೈಪು ಮೂರಲ್ಲ, ಐದು. ತಣ್ಣೀರು ಒಳಗೆ, ಬಿಸಿನೀರು ಹೊರಗೆ, ಗ್ಯಾಸು ಒಳಗೆ, ಗಾಳಿ ಒಳಗೆ, ಸುಟ್ಟ ಗಾಳಿ ಹೊರಗೆ. ಕೊನೆಯ ಎರಡು ಕಣ್ಣಿಗೆ ಕಾಣದ್ದರಿಂದ ಯಾರೂ ಎಣಿಸುವುದಿಲ್ಲ.

ನೀವು ಫಿಟ್ಟರು, ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು 10 ಕಿಲೋವ್ಯಾಟ್‌ಗಿಂತ ಹೆಚ್ಚು ಶಾಖ ನೀರಿಗೆ ಸೇರಬೇಕು. ಪೋಲಾಗುವುದನ್ನೂ ಸೇರಿಸಿದರೆ ಬರ್ನರು ಸುಮಾರು 12 ಕಿಲೋವ್ಯಾಟ್‌ನಷ್ಟು ಉರಿಯಬೇಕು. ಅಡಿಗೆಮನೆಯ ಒಲೆಯ ಐದಾರು ಬರ್ನರುಗಳನ್ನು ಪೂರ್ತಿ ತಿರುಗಿಸಿ, ಬಚ್ಚಲೊಳಗೆ ಇಟ್ಟು, ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಕೂತಂತೆ. ಗಂಟೆಗೆ ಹೆಚ್ಚುಕಮ್ಮಿ ಒಂದು ಕಿಲೋ ಗ್ಯಾಸು. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಸುಡಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ನಿಮ್ಮ ಬಾತ್‌ರೂಮಿನ ಮಾಳಿಗೆ 8 ಅಡಿ ಎಂದಿಟ್ಟುಕೊಂಡರೆ ಒಳಗಿರುವ ಒಟ್ಟು ಗಾಳಿ 8 ಘನ ಮೀಟರು. ಹತ್ತು ನಿಮಿಷ ಉರಿದರೆ ಎರಡು ಘನ ಮೀಟರ್ ಗಾಳಿಯಲ್ಲಿದ್ದ ಆಮ್ಲಜನಕ ಖಾಲಿ. ಅಂದರೆ ಕೋಣೆಯ ಕಾಲು ಭಾಗ. ಇಪ್ಪತ್ತು ನಿಮಿಷಕ್ಕೆ ಅರ್ಧ.

ಆದರೆ ಬರ್ನರು ಆಮ್ಲಜನಕ ಪೂರ್ತಿ ಮುಗಿಯುವ ತನಕ ಕಾಯುವುದಿಲ್ಲ, ತಕರಾರು ಮೊದಲೇ ತೆಗೆಯುತ್ತದೆ. ಗಾಳಿಯಲ್ಲಿ ನೂರಕ್ಕೆ 21ರಷ್ಟು ಇರಬೇಕಾದ ಆಮ್ಲಜನಕ 18ರ ಹತ್ತಿರ ಇಳಿದಾಗಲೇ ಗ್ಯಾಸು ಅರೆಬರೆ ಸುಡಲು ಶುರುಮಾಡುತ್ತದೆ. ಪೂರ್ತಿ ಸುಟ್ಟರೆ ಬರುವುದು ಕಾರ್ಬನ್ ಡೈಆಕ್ಸೈಡ್. ಅರೆಬರೆ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್. ಸಿಲಿಂಡರಿನ ಗ್ಯಾಸಿಗೆ ಕಂಪನಿಯವರು ಬೇಕೆಂದೇ ಕೊಳೆತ ನಾತದ ಮರ್ಕಾಪ್ಟನ್ ಸೇರಿಸಿರುತ್ತಾರೆ, ಸೋರಿದರೆ ಮೂಗೇ ಹೇಳುತ್ತದೆ. ಉರಿದ ಮೇಲೆ ಆ ನಾತವೂ ಸುಟ್ಟುಹೋಗುತ್ತದೆ. ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮೂ ಬರಿಸುವುದಿಲ್ಲ.

ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 1,600 ಪಾಲು ಇದ್ದರೆ 20 ನಿಮಿಷದಲ್ಲಿ ತಲೆನೋವು, ಚಕ್ಕರು, ವಾಕರಿಕೆ, ಗಂಟೆಯೊಳಗೆ ಜೀವಕ್ಕೆ ಕುತ್ತು. ಅದರ ಎರಡು ಪಟ್ಟು ಇದ್ದರೆ ಚಕ್ಕರು ಐದು-ಹತ್ತು ನಿಮಿಷಕ್ಕೇ. ನಾಲ್ಕು ಪಟ್ಟಾದರೆ ಒಂದೆರಡು ನಿಮಿಷಕ್ಕೆ ತಲೆ ತಿರುಗಿ, ಕಾಲು ಗಂಟೆಯೊಳಗೆ ಎಲ್ಲ ಮುಗಿಯಬಹುದು. ತಲೆ ತಿರುಗುತ್ತಿದೆ, ಎದ್ದು ಬಾಗಿಲು ತೆಗೆಯೋಣ ಎಂದುಕೊಳ್ಳುವ ಹೊತ್ತಿಗೆ ಮೊಣಕಾಲು ಮಾತು ಕೇಳುವುದಿಲ್ಲ. ಮನಸ್ಸಿಗೆ ತಿಳಿಯುತ್ತದೆ, ಮೈ ಏಳುವುದಿಲ್ಲ. ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ.

1999ರಲ್ಲಿ ನಾನು ಗದಗಿನಿಂದ ಪುಣೆಗೆ ಬಂದು ಎರಡು ವರ್ಷವಾಗಿತ್ತು. ಗೀಸರು ರಿಪೇರಿ ಕಲಿಯುತ್ತಿದ್ದೆ. ಕೊಥರೂಡಿನಲ್ಲಿ ಒಂದು ರೂಮು, ಒಂದು ಅಡಿಗೆಮನೆಯ ಬಾಡಿಗೆ ಜಾಗ. ಕೆಲಸ ಬರುತ್ತದೆ ಎಂಬ ಜಂಬದಲ್ಲಿ ಬಾತ್‌ರೂಮಿನೊಳಗೆ ಸ್ವಂತಕ್ಕೊಂದು ಗೀಸರು ಕೂರಿಸಿದೆ. ಡಿಸೆಂಬರಿನಲ್ಲಿ ಊರಿಂದ ಅಣ್ಣ ಬಂದ. ಅಣ್ಣನಿಗೆ ಸ್ನಾನ ಮಾಡುವಾಗ ಗಟ್ಟಿಯಾಗಿ ಭಜನೆ ಹೇಳುವ ಚಟ, ಪಕ್ಕದ ಮನೆಯವರೂ ನಗುತ್ತಿದ್ದರು. ಆ ದಿನ ಚಳಿ ಅಂತ ಕಿಟಕಿಯ ಪಟ್ಟಿಗಳನ್ನು ಹಳೇ ಪೇಪರಿನಿಂದ ನಾನೇ ಮುಚ್ಚಿದ್ದೆ. ಹೊರಗೆ ಕೂತು ಚಹಾ ಕುಡಿಯುತ್ತಿದ್ದೇನೆ, ಭಜನೆ ನಿಂತಿತು. ಸೋಪು ಹಚ್ಚಿಕೊಳ್ಳುತ್ತಿರಬೇಕು ಎಂದುಕೊಂಡೆ. ನಳದ ಸಪ್ಪಳ ಇದೆ, ಅಣ್ಣನ ಸಪ್ಪಳ ಇಲ್ಲ. ಬಕೀಟು ತುಂಬಿ ನೀರು ನೆಲಕ್ಕೆ ಚೆಲ್ಲುವ ಸದ್ದು ಬೇರೆ ಇರುತ್ತದೆ ನೋಡಿ, ಅದು ಕೇಳಿದ ಮೇಲೆ ಎದ್ದೆ. ಕೂಗಿದರೆ ಉತ್ತರವಿಲ್ಲ. ಬಾಗಿಲ ಚಿಲಕ ಕಿತ್ತು ಬರುವ ಹಾಗೆ ಒದ್ದೆ. ಗೋಡೆಗೆ ಒರಗಿ, ಕೈಯಲ್ಲಿ ತಂಬಿಗೆ ಹಿಡಿದುಕೊಂಡೇ ಕೂತಿದ್ದ, ಕಣ್ಣು ಅರ್ಧ ತೆರೆದಿತ್ತು.

ಗ್ಯಾಲರಿಗೆ ಎಳೆದು ಹಾಕಿದ ಮೇಲೆ ಎಚ್ಚರವಾಯಿತು, ವಾಂತಿ ಮಾಡಿಕೊಂಡ. ಹತ್ತಿರದ ದವಾಖಾನೆಯಲ್ಲಿ ಬಿಪಿ ನೋಡಿದರು, ಸಕ್ಕರೆ ನೋಡಿದರು, ಖಾಲಿ ಹೊಟ್ಟೆಯಲ್ಲಿ ಬಿಸಿನೀರು ಹಾಕಿಕೊಂಡಿದ್ದಕ್ಕೆ ಚಕ್ಕರು ಬಂದಿದೆ ಅಂದರು. ಗೀಸರು ಯಾವುದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೂ ಹೊಳೆದಿರಲಿಲ್ಲ, ಗೀಸರು ರಿಪೇರಿ ಮಾಡುವವನಿಗೆ! ಎರಡು ದಿನ ಬಿಟ್ಟು ನಾನು ತಲೆ ತೊಳೆದುಕೊಳ್ಳುವಾಗ ಮೊಣಕಾಲು ಹತ್ತಿಯಾದವು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತೆವಳಿಕೊಂಡು ಹೊರಗೆ ಬಂದೆ. ಅವತ್ತೇ ಗೀಸರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದೆ. ಒಂದೇ ಒಂದು ದೋಷ ಇರಲಿಲ್ಲ. ಜಾಯಿಂಟು ಬಿಗಿ, ಬರ್ನರು ಸ್ವಚ್ಛ, ಜ್ವಾಲೆ ನೀಲಿ. ಜ್ವಾಲೆ ಹಳದಿಯಾದರೆ ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಹೊತ್ತಿಸಿದ ಮೊದಲ ನಿಮಿಷದಲ್ಲಿ, ಬಾಗಿಲು ತೆರೆದಿಟ್ಟು ನೋಡಿದ ನೀಲಿ ಜ್ವಾಲೆ ಹದಿನೈದನೇ ನಿಮಿಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸಣ್ಣವನಿದ್ದಾಗ ನಮ್ಮ ಕಡೆ, ಇಲ್ಲಿನ ಹಳೇ ವಾಡೆಗಳಲ್ಲಿಯೂ, ತಾಮ್ರದ ಬಂಬ್ ಇರುತ್ತಿತ್ತು. ನಡುವಿನ ಕೊಳವೆಯಲ್ಲಿ ಇದ್ದಿಲೋ ಕಟ್ಟಿಗೆ ಚೂರೋ, ಸುತ್ತ ನೀರು. ಅದನ್ನು ಹಿತ್ತಲಲ್ಲೋ ಅಂಗಳದಲ್ಲೋ ಹೊತ್ತಿಸಿ, ಬಿಸಿನೀರನ್ನು ಮಾತ್ರ ಒಳಗೆ ಒಯ್ಯುತ್ತಿದ್ದರು. ನಮ್ಮ ಹಿರಿಯರಿಗೆ ರಸಾಯನಶಾಸ್ತ್ರ ಗೊತ್ತಿತ್ತು ಅಂತಲ್ಲ, ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು, ಅಷ್ಟೇ. ಗ್ಯಾಸು ಬಂದು ಹೊಗೆ ಕಾಣದಂತಾಯಿತು, ಬೆಂಕಿ ಬಚ್ಚಲೊಳಗೆ ಬಂತು. 1868ರಲ್ಲಿ ಲಂಡನ್ನಿನ ಮಾಘನ್ ಎಂಬಾತ ಮೊದಲ ಗ್ಯಾಸ್ ಬಾಯ್ಲರ್ ಮಾಡಿ ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರಿನಿಂದ ಅದನ್ನು ಗೀಸರ್ ಎಂದು ಕರೆದನಲ್ಲ, ಅವನ ಯಂತ್ರಕ್ಕೂ ಹೊಗೆ ಹೊರಹಾಕುವ ಕೊಳವೆ ಇರಲಿಲ್ಲ. ನೀವು ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಮಾದರಿಗೂ ಇರಲಿಕ್ಕಿಲ್ಲ. ನೆತ್ತಿಯ ಮೇಲೆ ಸಾಲು ಸೀಳುಗಳಿವೆಯೇ ನೋಡಿ. ಇದ್ದರೆ ಸುಟ್ಟ ಗಾಳಿಯನ್ನೆಲ್ಲ ಅದು ಅಲ್ಲಿಂದ ನೇರ ಕೋಣೆಗೇ ಬಿಡುತ್ತದೆ. ತಣ್ಣನೆಯ ದೇಶಗಳಲ್ಲಿ ಮನೆ ಬೆಚ್ಚಗಿಡುವ ಫರ್ನೇಸನ್ನು ತಾವೇ ಕೂರಿಸಲು ಹೋದವರು ಎಡವುವುದೂ ಹೆಚ್ಚಾಗಿ ಇಲ್ಲೇ: ಯಂತ್ರ ಸರಿ, ಹೊಗೆಕೊಳವೆ ತಪ್ಪು. ಅವರಿಗೆ ಊರಿನ ಪರ್ಮಿಟ್ಟು, ಇನ್‌ಸ್ಪೆಕ್ಟರು ಅಂತ ಒಂದು ತಡೆಯಾದರೂ ಇದೆ. ನಮ್ಮಲ್ಲಿ ಬಾತ್‌ರೂಮಿನ ಬಾಗಿಲು ಹಾಕಿದ ಮೇಲೆ ಕೇಳುವವರೇ ಇಲ್ಲ.

ಈಗ ನಿಮ್ಮ ಕಿಟಕಿಗೆ ಬರೋಣ. ಚಿಂಚವಡದಲ್ಲಿ ಪುಣೆಗಿಂತ ಚಳಿ ಕಡಿಮೆಯೇನಲ್ಲ, ಜನವರಿಯ ಬೆಳಗು 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಕಿಟಕಿ ತೆರೆದಿಟ್ಟು ಸ್ನಾನ ಮಾಡು ಅಂತ ಅವ್ವನಿಗೆ ಹೇಳಬಲ್ಲಿರಾ? ಪಟ್ಟಿಗಳನ್ನು ಅವಳು ಮುಚ್ಚಿಯೇ ಮುಚ್ಚುತ್ತಾಳೆ. ತೆರೆದಿದ್ದರೂ ಅದು ತೆರೆಯುವುದು ಆಕಾಶಕ್ಕಲ್ಲ, ಡಕ್ಟಿಗೆ. ಆ ಡಕ್ಟಿನಲ್ಲಿ ಕೆಳಗಿನ ಅಷ್ಟೂ ಮನೆಗಳ ಬಾತ್‌ರೂಮುಗಳು ಬಾಯಿ ತೆರೆದಿವೆ. ಬೆಳಿಗ್ಗೆ ಆರೂವರೆಗೆ ಎಲ್ಲರದ್ದೂ ಒಂದೇ ಹೊತ್ತು. ಕೆಳಗಿನವರು ಬಿಟ್ಟಿದ್ದು ಮೇಲಿನವರ ಕಿಟಕಿಗೆ ಬರುತ್ತದೆ. ಇನ್ನು ಮೇಲೆ ಸೊಸೈಟಿಯವರು ಏನು ಮಾಡಿರುತ್ತಾರೆ ಗೊತ್ತೇ? ಮಳೆನೀರು ಬೀಳುತ್ತದೆ, ಪಾರಿವಾಳ ಗೂಡು ಕಟ್ಟುತ್ತವೆ ಅಂತ ಡಕ್ಟಿನ ನೆತ್ತಿಗೆ ಪ್ಲಾಸ್ಟಿಕ್ ಶೀಟು ಬಡಿದಿರುತ್ತಾರೆ. ಚಿಮಣಿಯ ಬಾಯಿಗೆ ತಾಟು ಮುಚ್ಚಿದ ಹಾಗೆ. ಒಂದು ಬಿಲ್ಡಿಂಗಿನಲ್ಲಿ ಮೂರನೇ ಮಹಡಿಯ ಹೆಣ್ಣುಮಗಳಿಗೆ ದಿನಾ ಬೆಳಿಗ್ಗೆ ತಲೆನೋವು. ಅವರ ಮನೆಯಲ್ಲಿದ್ದದ್ದು ವಿದ್ಯುತ್ ಗೀಸರು! ಕೆಳಗಿನ ಎರಡು ಮನೆಗಳಲ್ಲಿ ಗ್ಯಾಸು. ಟೆರೇಸಿಗೆ ಹತ್ತಿ ಶೀಟನ್ನು ಒಂದೂವರೆ ಅಡಿ ಎತ್ತರಿಸಿ, ಸುತ್ತ ಬಲೆ ಹಾಕಿಸಿದ ಮೇಲೆ ಅವರ ತಲೆನೋವು ಹೋಯಿತು.

ಎಕ್ಸಾಸ್ಟ್ ಫ್ಯಾನಿನ ಮೇಲೆ ನಿಮಗಿರುವ ಭರವಸೆ ನನಗಿಲ್ಲ. ಫ್ಯಾನು ಗಾಳಿಯನ್ನು ಹೊರಗೆ ದಬ್ಬಬೇಕಾದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬಾಗಿಲ ಕೆಳಗೆ ಸಂದಿ ಇಲ್ಲದಿದ್ದರೆ, ಅಥವಾ ನೀರು ಹೊರಗೆ ಬರಬಾರದು ಅಂತ ಅಲ್ಲಿ ರಬ್ಬರ್ ಪಟ್ಟಿ ಹೊಡೆದಿದ್ದರೆ, ಫ್ಯಾನು ತಿರುಗುವ ಸದ್ದು ಮಾಡುತ್ತದೆ, ಕೆಲಸ ಮಾಡುವುದಿಲ್ಲ. ಹೊಗೆಕೊಳವೆ ಇರುವ ಮಾದರಿ ಕೂರಿಸಿದವರಿಗೆ ಇದು ಇನ್ನೂ ಕೆಟ್ಟದ್ದು. ಮೇಲಕ್ಕೆ ತಾನಾಗಿ ಏರಬೇಕಾದ ಬಿಸಿ ಹೊಗೆಯನ್ನು ಫ್ಯಾನು ಕೊಳವೆಯಿಂದ ವಾಪಸು ಕೋಣೆಗೆ ಎಳೆಯುತ್ತದೆ. ಅಡಿಗೆಮನೆಯ ಚಿಮಣಿಯೂ ಪಕ್ಕದ ಜಾಗದಲ್ಲಿದ್ದರೆ ಇದನ್ನೇ ಮಾಡಬಲ್ಲದು. ಸುರಕ್ಷತೆಗೆ ಹಾಕಿದ್ದೇ ತಿರುಗಿ ಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಸುಬಿನಲ್ಲಿ ಇಲ್ಲ.

ಡಬ್ಬದ ಮೇಲೆ "20 ನಿಮಿಷಕ್ಕೆ ತಾನಾಗಿ ಆರುತ್ತದೆ" ಎಂದು ಬರೆದಿರಬಹುದು. ಟೈಮರು ಇರುವುದು ಒಳ್ಳೆಯದೇ. ಆದರೆ ಅದು ಎಣಿಸುವುದು ಒಂದೇ ಸಮ ಉರಿದ ಹೊತ್ತನ್ನು. ನಳ ಮುಚ್ಚಿ ತೆರೆದರೆ ಲೆಕ್ಕ ಸೊನ್ನೆಯಿಂದ ಶುರು. ನರಕ ಚತುರ್ದಶಿಯ ಬೆಳಗನ್ನು ನೆನಪಿಸಿಕೊಳ್ಳಿ. ನಸುಕಿನಲ್ಲೇ ಎಣ್ಣೆ ಹಚ್ಚಿಕೊಂಡು ಮನೆಮಂದಿಯೆಲ್ಲ ಸಾಲು. ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ, ನಡುವೆ ಬಾಗಿಲು ತೆರೆದಿರುವುದು ಅರ್ಧ ನಿಮಿಷ. ಟೈಮರಿನ ಲೆಕ್ಕದಲ್ಲಿ ಪ್ರತಿಯೊಬ್ಬರೂ ಹೊಸಬರು. ಬಾತ್‌ರೂಮಿನ ಗಾಳಿಯ ಲೆಕ್ಕದಲ್ಲಿ ಎಲ್ಲ ಸೇರಿ ಒಂದೇ ಸ್ನಾನ. ಕೊನೆಗೆ ಹೋಗುವವರು ಸಾಮಾನ್ಯವಾಗಿ ಯಾರು? ಎಲ್ಲರಿಗೂ ಎರೆದು, ಎಲ್ಲರ ಬಟ್ಟೆ ನೆನೆಹಾಕಿ, ಆಮೇಲೆ ತಾನು ಹೋಗುವ ಹೆಂಗಸು. ರಂಗಪಂಚಮಿಯ ದಿನವೂ ಹಾಗೇ, ಬಣ್ಣ ಹೋಗುವವರೆಗೆ ತಿಕ್ಕುತ್ತಾ ಕೂತವರಿಗೆ ಹೊತ್ತಿನ ಪರಿವೆ ಇರುವುದಿಲ್ಲ. ಹೀಗೆ ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬೀಳುವುದಕ್ಕೆ ವೈದ್ಯರು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ. ಫಿಟ್ಸ್ ಬಂದಂತಾಗಿ ಬಿದ್ದವರನ್ನು ಮೂರ್ಛೆರೋಗಿ ಎಂದುಕೊಂಡು ಔಷಧ ಶುರುಮಾಡಿದ್ದೂ ಉಂಟು.

ಗ್ಯಾಸಿನ ಕಡೆಯ ವಿಷಯ ಬೇಗ ಮುಗಿಸುತ್ತೇನೆ, ಅದು ನಿಮಗೆ ಬೇಗ ಅರ್ಥವಾಗುವಂಥದು. ಅಡಿಗೆಮನೆಯ ರಬ್ಬರ್ ಪೈಪನ್ನು ಕೊಯ್ದು ಟೀ ಹಾಕಬೇಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಒಲೆ ಮತ್ತು ರೆಗ್ಯುಲೇಟರ್ ನಡುವಿನ ಒಂದೂವರೆ ಮೀಟರಿಗಾಗಿ ಇರುವುದು. ಅದನ್ನು ಉದ್ದ ಮಾಡಿ ಗೋಡೆಯ ತೂತಿನಲ್ಲಿ ತೂರಿಸುವಂತಿಲ್ಲ, ಐದು ವರ್ಷಕ್ಕೆ ಬದಲಿಸಬೇಕು. ಗೋಡೆಯೊಳಗೆ ಇಲಿ ಕಚ್ಚಿದರೆ ನಿಮಗೆ ಕಾಣುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲಕ್ಕೆ ಹರಡಿ ಮೋರಿಯೊಳಗೆ ಇಳಿದು ಕೂರುತ್ತದೆ. ಒಂದೇ ರೆಗ್ಯುಲೇಟರಿನಲ್ಲಿ ಒಲೆಯೂ ಗೀಸರೂ ಒಟ್ಟಿಗೆ ಉರಿದರೆ ಒತ್ತಡ ಕುಸಿಯುತ್ತದೆ. ಗೀಸರಿಗೆ ಬೇರೆ ಸಿಲಿಂಡರು, ಬೇರೆ ರೆಗ್ಯುಲೇಟರು, ಗೋಡೆ ದಾಟುವುದಿದ್ದರೆ ಲೋಹದ ಪೈಪು. ಗ್ಯಾಸಿನ ಜಾಯಿಂಟಿಗೆ ಎಂ-ಸೀಲ್ ಮೆತ್ತುವುದು ಬೇಡವೇ ಬೇಡ. ಸೋರುತ್ತಿದೆಯೇ ಎಂದು ಸೋಪಿನ ನೊರೆ ಹಚ್ಚಿ ನೋಡಿ, ಕಡ್ಡಿ ಗೀರಿ ಅಲ್ಲ.

ಪೈಪ್ ಗ್ಯಾಸ್ ಬಂದ ಮೇಲೆ ಇದನ್ನೇ ಅದಕ್ಕೆ ಜೋಡಿಸುತ್ತೇನೆ ಅಂದಿದ್ದೀರಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಎಲ್‌ಪಿಜಿ ಗೀಸರಿಗೆ 30 ಮಿಲಿಬಾರ್ ಒತ್ತಡ, ಪೈಪ್ ಗ್ಯಾಸಿಗೆ 21. ಅಷ್ಟೇ ಅಲ್ಲ, ಒಂದೇ ಅಳತೆಯ ಗ್ಯಾಸಿನಲ್ಲಿ ಎಲ್‌ಪಿಜಿಗೆ ಪೈಪ್ ಗ್ಯಾಸಿನ ಸುಮಾರು ಎರಡೂವರೆ ಪಟ್ಟು ಶಾಖ ಇದೆ. ಆದ್ದರಿಂದ ಬರ್ನರಿಗೆ ಗ್ಯಾಸು ಬಿಡುವ ಜೆಟ್ಟಿನ ತೂತು ಎರಡಕ್ಕೂ ಬೇರೆ ಬೇರೆ. ಎಲ್‌ಪಿಜಿ ಗೀಸರನ್ನು ಪೈಪ್ ಗ್ಯಾಸಿಗೆ ಜೋಡಿಸಿದರೆ ಜ್ವಾಲೆ ಸೊರಗುತ್ತದೆ, ನೀರು ಸರಿಯಾಗಿ ಕಾಯುವುದಿಲ್ಲ. ಆಗ ನಮ್ಮ ಜಾಣರು ಸಣ್ಣ ಡ್ರಿಲ್ಲು ಹಾಕಿ ಜೆಟ್ಟು ಅಗಲ ಮಾಡುತ್ತಾರೆ. ಆರು ತಿಂಗಳ ನಂತರ ಮನೆ ಬದಲಿಸಿ ಅದೇ ಗೀಸರನ್ನು ಮತ್ತೆ ಸಿಲಿಂಡರಿಗೆ ಹಾಕುತ್ತಾರೆ. ಅಗಲವಾದ ತೂತಿನಿಂದ ಎರಡೂವರೆ ಪಟ್ಟು ಶಾಖದ ಗ್ಯಾಸು ನುಗ್ಗುತ್ತದೆ, ಹಳದಿ ಜ್ವಾಲೆ ನೀರಿನ ಕೊಳವೆಯ ಸುತ್ತಲಿನ ತಾಮ್ರದ ರೆಕ್ಕೆಗಳ ನಡುವೆ ಮಸಿ ಕಟ್ಟುತ್ತದೆ, ಮಸಿ ಕಟ್ಟಿದಷ್ಟೂ ಗಾಳಿಯ ದಾರಿ ಮುಚ್ಚುತ್ತದೆ, ಮೊನಾಕ್ಸೈಡು ಹೆಚ್ಚುತ್ತದೆ. ಇಂಥ ಒಂದು ಗೀಸರಿನ ಒಳಗಿನಿಂದ ನಾನು ಎರಡು ಬೊಗಸೆ ಮಸಿ ತೆಗೆದಿದ್ದೇನೆ. "ನೀರು ಕಾಯ್ತಾವಲ್ರಿ ಸರ, ಮತ್ತೇನ್ ತ್ರಾಸು" ಅಂತ ಮನೆಯವರು ನನ್ನನ್ನೇ ಕೇಳುತ್ತಿದ್ದರು. ಪೈಪ್ ಗ್ಯಾಸು ಬಂದರೆ ಅದಕ್ಕೆಂದೇ ಮಾಡಿದ ಮಾದರಿ ಕೊಳ್ಳಿ. ಇಲ್ಲವೇ ಅದೇ ಕಂಪನಿಯವರಿಂದ ಜೆಟ್ಟಿನ ಸೆಟ್ಟನ್ನೇ ಬದಲಿಸಿಕೊಳ್ಳಿ. ಮೀಟರಿನಿಂದ ಈಚೆಗಿನ ಪೈಪಿಗೂ ಗ್ಯಾಸ್ ಕಂಪನಿ ಕಳಿಸಿದವರೇ ಕೈ ಹಾಕಬೇಕು. ಗೀಸರಿಗೆ ಬೇರೆ ಪಾಯಿಂಟು ಬೇಕು ಅಂದರೆ ಹಣ ತೆಗೆದುಕೊಂಡು ಅವರೇ ಕೊಡುತ್ತಾರೆ.

ಹಾಗಾದರೆ ಎಲ್ಲಿ ಕೂರಿಸಬೇಕು? ನಿಮ್ಮ ಫ್ಲ್ಯಾಟಿನಲ್ಲಿ ಅಡಿಗೆಮನೆಗೆ ಅಂಟಿಕೊಂಡು ಡ್ರೈ ಬಾಲ್ಕನಿ ಇರಬೇಕು, ವಾಷಿಂಗ್ ಮಷಿನ್ ಇಡುವ ಜಾಗ. ಅಲ್ಲಿ, ಹೊರಗೋಡೆಯ ಮೇಲೆ. ಒಂದೇ ಷರತ್ತು: ಅದನ್ನು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿ ಮುಚ್ಚಿರಬಾರದು. ಮುಚ್ಚಿದ್ದರೆ ಅದು ಬಾಲ್ಕನಿ ಅಲ್ಲ, ಎರಡನೇ ಬಾತ್‌ರೂಮು. ಬರೀ ಗ್ರಿಲ್ಲು ಇರಲಿ. ಅಲ್ಲಿಂದ ಬಚ್ಚಲಿಗೆ ಸಿಪಿವಿಸಿ ಪೈಪು ಎಳೆಯಿರಿ, ಬಿಳಿ ಪಿವಿಸಿ ಬೇಡ, ಅದು ಬಿಸಿನೀರಿಗೆ ಮೆತ್ತಗಾಗುತ್ತದೆ. "ಅಷ್ಟು ದೂರದಿಂದ ಬಂದರೆ ನೀರು ಆರುತ್ತದೆ" ಎಂದು ಎಲ್ಲರೂ ಹೇಳುವುದುಂಟು. ಲೆಕ್ಕ ಹಾಕಿ. ಅರ್ಧ ಇಂಚಿನ 20 ಅಡಿ ಪೈಪಿನಲ್ಲಿ ನಿಲ್ಲುವ ನೀರು ಮುಕ್ಕಾಲು ಲೀಟರಿನಷ್ಟು. ಎರಡು ತಂಬಿಗೆಯೂ ಅಲ್ಲ. ಏಳೆಂಟು ಸೆಕೆಂಡು. ಅಷ್ಟು ತಣ್ಣೀರಿನ ಲೋಭಕ್ಕೆ ಜನ ಬೆಂಕಿಯನ್ನು ತಲೆಯ ಪಕ್ಕ ಇಟ್ಟುಕೊಳ್ಳುತ್ತಾರೆ.

ಡ್ರೈ ಬಾಲ್ಕನಿ ಇಲ್ಲ, ಅಥವಾ ಮುಚ್ಚಿಬಿಟ್ಟಿದೆ ಎಂದಾದರೆ ಗ್ಯಾಸ್ ಗೀಸರೇ ಬೇಡ, ವಾಪಸು ಕಳಿಸಿ. 15 ಲೀಟರಿನ, 2 ಕಿಲೋವ್ಯಾಟಿನ ವಿದ್ಯುತ್ ಗೀಸರು ಒಂದು ಟ್ಯಾಂಕು ನೀರನ್ನು 25 ಡಿಗ್ರಿ ಏರಿಸಲು ಹದಿಮೂರು-ಹದಿನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ. ಅದಕ್ಕೂ ಅದರದೇ ಅಪಾಯಗಳಿವೆ. 16 ಆಂಪಿಯರಿನ ಪ್ಲಗ್ಗು, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನಾಗಿ ಬಂದ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಹಾಕಬೇಡಿ. ಆದರೆ ಬಾಗಿಲು ಹಾಕಿಕೊಂಡವರ ಗಾಳಿಯನ್ನು ಅದು ತಿನ್ನುವುದಿಲ್ಲ.

ಕೂರಿಸುವ ಕೆಲಸದಲ್ಲಿ ನಿಮ್ಮ ಪಾಲು ಯಾವುದು, ಕೂರಿಸುವವನ ಪಾಲು ಯಾವುದು ಎಂದು ಕೇಳಿದರೆ, ನೀರಿನ ಕೆಲಸ ಪೂರ್ತಿ ನೀವೇ ಮಾಡಿ. ಗೋಡೆಗೆ ತೂತು, ಬೋಲ್ಟು, ತಣ್ಣೀರಿನ ಲೈನಿಗೆ ಬೇರೆ ವಾಲ್ವು, ಒಳಬರುವ ಜಾಗದ ಜಾಲರಿ. ಬೋರ್‌ವೆಲ್, ಟ್ಯಾಂಕರ್ ನೀರಾದರೆ ಜಾಲರಿ ತಿಂಗಳಿಗೊಮ್ಮೆ ತೊಳೆಯಬೇಕು. ಕಿಡಿ ಹೊತ್ತಿಸುವ ದಪ್ಪ ಸೆಲ್ಲು ಎರಡು ಹಾಕುವುದೂ ನಿಮ್ಮ ಕೆಲಸವೇ. ಗ್ಯಾಸಿನ ಜೋಡಣೆ, ಒತ್ತಡದ ಅಳತೆ, ಮೊದಲ ಸಲ ಹೊತ್ತಿಸುವುದು, ವರ್ಷಕ್ಕೊಮ್ಮೆ ಬರ್ನರು ಬಿಚ್ಚಿ ತೊಳೆಯುವುದು, ಇಷ್ಟಕ್ಕೆ ಕಂಪನಿಯ ಮನುಷ್ಯನನ್ನು ಕರೆಸಿ. ಆಗ ಅವನು ಕೇಳುವ ದುಡ್ಡೂ ಇಳಿಯುತ್ತದೆ, ಚೌಕಾಸಿ ಮಾಡಬಹುದು. ಅವನೇನಾದರೂ "ಬಾತ್‌ರೂಮಿನಲ್ಲೇ ಹಾಕೋಣ ಸರ್, ಎಲ್ಲರ ಮನೆಯಲ್ಲೂ ಅಲ್ಲೇ ಹಾಕಿದ್ದೇನೆ" ಅಂದರೆ ಚಹಾ ಕೊಟ್ಟು ಕಳಿಸಿಬಿಡಿ. ಡಬ್ಬದ ಮೇಲೆ ಐಎಸ್‌ಐ ಗುರುತಿನ ಜೊತೆ ಗ್ಯಾಸ್ ಗೀಸರಿನ ಮಾನದಂಡದ ಐಎಸ್ 15558 ಎಂಬ ಸಂಖ್ಯೆ ಇದೆಯೇ ಎಂದು ಈಗಲೇ ನೋಡಿ, ವಾಪಸು ಮಾಡುವ ಗಡುವು ಮುಗಿಯುವ ಮೊದಲು.

ಮೊನಾಕ್ಸೈಡ್ ಅಲಾರಂ ಒಂದನ್ನು ಕೊಳ್ಳಿ ಎಂದು ಈಚೆಗೆ ಎಲ್ಲರಿಗೂ ಹೇಳುತ್ತೇನೆ. ಆವಿ ಬಡಿಯುವ ಬಾತ್‌ರೂಮಿನೊಳಗೆ ಅಲ್ಲ, ಹೊರಗೆ, ಮಲಗುವ ಕೋಣೆಯ ಕಡೆ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಅಂಗಡಿಯವನು ಅದನ್ನೇ ಇದು ಅಂತ ಕೊಟ್ಟಾನು, ಹೆಸರು ಓದಿ ತೆಗೆದುಕೊಳ್ಳಿ.

ಅವ್ವನ ವಿಷಯ. ಒಳಚಿಲಕವನ್ನು ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವ ಮಾದರಿಗೆ ಬದಲಿಸಿ, ಇದು ಒಂದು ತಾಸಿನ ಕೆಲಸ. ವಯಸ್ಸಾದವರು ಬಕೀಟು ತುಂಬಿಸಿಕೊಂಡು ಎರೆದುಕೊಳ್ಳುವುದೇ ಹೆಚ್ಚು. ಬಕೀಟು ತುಂಬಿದ ಮೇಲೆ ನಳ ಬಂದ್ ಮಾಡಿ ಆಮೇಲೆ ಬಾಗಿಲು ಹಾಕಿಕೊಳ್ಳಲಿ. ನೀವು ಮನೆ ಬದಲಿಸಿದರೂ, ಇನ್ನೊಬ್ಬರ ಮನೆಗೆ ಹೋದರೂ ಅವಳಿಗೆ ಈ ರೂಢಿ ಇರಲಿ. ನೀವು ಕೂಗಿದಾಗ ಬಚ್ಚಲೊಳಗಿದ್ದವರು ಓಗೊಡದಿದ್ದರೆ ಬಾಗಿಲು ಒಡೆದು, ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ, ಮುಖಕ್ಕೆ ನೀರು ಚಿಮುಕಿಸುವುದು, ಈರುಳ್ಳಿ ಮೂಸಿಸುವುದು ಬಿಟ್ಟು 108ಕ್ಕೆ ಫೋನು ಮಾಡಿ. ಗ್ಯಾಸು ಸೋರುತ್ತಿರುವ ವಾಸನೆ ಬಂದರೆ ಕರೆಯಬೇಕಾದ ಸಂಖ್ಯೆ 1906. ಆಸ್ಪತ್ರೆಯಲ್ಲಿ ನೀವಾಗಿಯೇ "ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನ ಮಾಡುತ್ತಿದ್ದರು" ಅನ್ನಿ, ಕೇಳಲಿ ಅಂತ ಕಾಯಬೇಡಿ. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದನ್ನು ನಂಬಬೇಡಿ. ಮೊನಾಕ್ಸೈಡ್ ಹಿಡಿದ ರಕ್ತಕ್ಕೂ ಅದು 98 ಎಂದೇ ತೋರಿಸಬಹುದು, ಅದಕ್ಕೆ ಎರಡರ ಬಣ್ಣದ ವ್ಯತ್ಯಾಸ ತಿಳಿಯುವುದಿಲ್ಲ. ರಕ್ತ ತೆಗೆದು ಬೇರೆ ಪರೀಕ್ಷೆ ಮಾಡಬೇಕು. ಸುಮ್ಮನೆ ಗಾಳಿ ಉಸಿರಾಡಿಸಿದರೆ ರಕ್ತದಲ್ಲಿದ್ದದ್ದು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆ ಸಾಕು. ಹಾಗಾಗಿ ಎದ್ದು ಕೂತು ಮಾತಾಡಿದರಲ್ಲ ಎಂದು ಮನೆಯಲ್ಲೇ ಉಳಿಸಿಕೊಳ್ಳಬಾರದು. ನಮ್ಮಣ್ಣನನ್ನು ದವಾಖಾನೆಯಿಂದ ಹಾಗೇ ಮನೆಗೆ ಕರೆತಂದು ನಾನು ಮಾಡಿದ್ದು ಅದನ್ನೇ. ಆಮೇಲೆ ತಿಂಗಳುಗಟ್ಟಲೆ ಅವನಿಗೆ ಹೆಸರುಗಳು ತಟ್ಟನೆ ನೆನಪಿಗೆ ಬರುತ್ತಿರಲಿಲ್ಲ.

ಗೀಸರಿನ ಡಬ್ಬ ಬಿಚ್ಚುವ ಮೊದಲು ಈ ಭಾನುವಾರ ನಿಮ್ಮ ಬಿಲ್ಡಿಂಗಿನ ಟೆರೇಸಿಗೆ ಹತ್ತಿ ಡಕ್ಟಿನ ಬಾಯಿ ನೋಡಿ ಬನ್ನಿ. ಶೀಟು ಬಡಿದಿದ್ದರೆ, ನೀವು ಯಾವ ಗೀಸರು ಹಾಕಿಸಿದರೂ, ಅದನ್ನು ಎತ್ತರಿಸುವ ವಿಷಯ ಸೊಸೈಟಿಯ ಮೀಟಿಂಗಿನಲ್ಲಿ ಎತ್ತಬೇಕು. ಕೆಳಗಿನ ಎಷ್ಟು ಮನೆಗಳಲ್ಲಿ ಬಚ್ಚಲೊಳಗೇ ಗ್ಯಾಸು ಉರಿಯುತ್ತಿದೆ ಎಂಬುದನ್ನೂ ಕೇಳಿಕೊಂಡು ಬನ್ನಿ. ಡ್ರೈ ಬಾಲ್ಕನಿಯ ಅಳತೆಯ ಜೊತೆ ಅದನ್ನೂ ಬರೆದು ಕಳಿಸಿದರೆ ಪೈಪು ಯಾವ ಗೋಡೆಯ ಮೇಲೆ ಹಾಯಬೇಕು ಎಂದು ಗೆರೆ ಎಳೆದು ಕೊಡುತ್ತೇನೆ.